ಒಂಬತ್ತು ತಂಡದ ಜೆರ್ಸಿ ಹಾಕಿದ ಕ್ಯಾಚರ್: ಗೆದ್ದನಾ, ಸವೆದನಾ?

ಮಿಲ್ವಾಕಿ ಮುದ್ದೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮೂರು ದಿನದಿಂದ ಒಂದು ವಾದ ನಡೆಯುತ್ತಿದೆ. ಬಗೆಹರಿಯುತ್ತಿಲ್ಲ. ಅದಕ್ಕೇ ಇಲ್ಲಿ ತಂದು ಹಾಕುತ್ತಿದ್ದೇನೆ.

ಮಗನಿಗೆ ಹದಿನೈದು ವರ್ಷ. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಕ್ಯಾಚರ್. ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದ ಚೆಂಡು ಹಿಡಿಯುವ ಕೆಲಸ. ಬ್ಯಾಟಿಂಗ್ ಅಷ್ಟಕ್ಕಷ್ಟೇ. ಕೈ ಮಾತ್ರ ಚೆನ್ನಾಗಿದೆ ಅಂತಾರೆ ಅವನ ಕೋಚ್. ಮೊನ್ನೆ ಊಟಕ್ಕೆ ಕೂತಾಗ, 'ನಾನು ಎರಿಕ್ ಕ್ರಾಟ್ಜ್ ತರ ಆದ್ರೂ ಸಾಕಪ್ಪ' ಅಂದ. ಹೆಂಡತಿ ಅಲ್ಲೇ ಫೋನ್ ತೆಗೆದು ಹುಡುಕಿದಳು. ಓದಿ ಮುಗಿಸಿ, 'ಇದೂ ಒಂದು ಜೀವನಾನಾ?' ಅಂದಳು.

ಗೊತ್ತಿಲ್ಲದವರಿಗೆ ಕ್ರಾಟ್ಜ್ ಕಥೆ ಹೇಳುತ್ತೇನೆ. ಪೆನ್ಸಿಲ್ವೇನಿಯಾದ ಟೆಲ್‌ಫರ್ಡ್ ಎಂಬ ಸಣ್ಣ ಊರಿನವನು. 1980ರಲ್ಲಿ ಹುಟ್ಟಿದ್ದು. ವರ್ಜೀನಿಯಾದ ಈಸ್ಟರ್ನ್ ಮೆನೊನೈಟ್ ಯೂನಿವರ್ಸಿಟಿಯಲ್ಲಿ ಓದಿದ. 2002ರ ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಟೊರಾಂಟೊ ತಂಡ 29ನೇ ಸುತ್ತಿನಲ್ಲಿ ಎತ್ತಿಕೊಂಡಿತು. ಅಂದ್ರೆ ಸಂತೆ ಮುಗಿಯುವ ಹೊತ್ತಿಗೆ ಉಳಿದ ತರಕಾರಿ ತರ. ಆಮೇಲೆ ಎಂಟು ವರ್ಷ ಮೈನರ್ ಲೀಗ್, ಅಂದ್ರೆ ಮೇಜರ್ ಲೀಗ್ ಎಂಬ ದೊಡ್ಡ ಲೀಗ್‌ಗೆ ಹುಡುಗರನ್ನು ತಯಾರು ಮಾಡುವ ಕೆಳಗಿನ ಲೀಗ್. 2010ರ ಜುಲೈನಲ್ಲಿ, ಮೂವತ್ತು ದಾಟಿದ ಮೇಲೆ, ಪಿಟ್ಸ್‌ಬರ್ಗ್ ಪೈರೇಟ್ಸ್ ಪರವಾಗಿ ಮೊದಲ ಸಲ ದೊಡ್ಡ ಲೀಗ್‌ನಲ್ಲಿ ಆಡಿದ. ನಂತರ ಫಿಲಡೆಲ್ಫಿಯಾ, ಟೊರಾಂಟೊ, ಕಾನ್ಸಾಸ್ ಸಿಟಿ, ಹ್ಯೂಸ್ಟನ್, ನ್ಯೂಯಾರ್ಕ್ ಯಾಂಕೀಸ್, ನಮ್ಮ ಮಿಲ್ವಾಕಿ, ಸ್ಯಾನ್ ಫ್ರಾನ್ಸಿಸ್ಕೊ, ಟ್ಯಾಂಪಾ ಬೇ. ಒಟ್ಟು ಒಂಬತ್ತು ತಂಡ. ನಲವತ್ತಾದ ಮೇಲೆ, 2020ರ ಕೊನೆಯಲ್ಲಿ ನಿವೃತ್ತಿ. ದೊಡ್ಡ ಲೀಗ್‌ನಲ್ಲಿ ಎಲ್ಲ ಸೇರಿ ಆಡಿದ್ದು 330ರ ಆಸುಪಾಸು ಪಂದ್ಯ. ಒಬ್ಬ ಒಳ್ಳೆ ಆಟಗಾರ ಎರಡೂವರೆ ವರ್ಷದಲ್ಲಿ ಆಡಿ ಮುಗಿಸುವಷ್ಟು.

ಆದರೆ 2018ರ ಅಕ್ಟೋಬರ್ ನಾನು ಮರೆಯಲ್ಲ. ನಮ್ಮ ಮಿಲ್ವಾಕಿ ಬ್ರೂವರ್ಸ್ ಮತ್ತು ಕೊಲರಾಡೊ ರಾಕೀಸ್ ನಡುವೆ ಪ್ಲೇಆಫ್ ಸರಣಿ. ಇವನಿಗೆ 38 ವರ್ಷ. ಅದೇ ಮೊದಲ ಸಲ ಪ್ಲೇಆಫ್ ಪಂದ್ಯದಲ್ಲಿ ಆಡಿದ್ದು. ಎಂಟು ಸಲ ಬ್ಯಾಟ್ ಹಿಡಿದು ಐದು ಹಿಟ್, ಅಂದ್ರೆ ಐದು ಸಲ ಚೆಂಡು ಹೊಡೆದು ಬೇಸ್ ಸೇರಿದ. ಇಡೀ ಊರು ಅವನ ಹೆಸರು ಕೂಗಿತು.

ಈಗ ಹೇಳಿ. ಇದು ಗೆಲುವಾ, ಅಥವಾ ಹದಿನೆಂಟು ವರ್ಷ ಸುಮ್ನೆ ಸವೆದದ್ದಾ?

ಲೆಕ್ಕಾಚಾರಿ

ಸರ್, ಭಾವನೆ ಪಕ್ಕಕ್ಕಿಡಿ. ನಿಮ್ಮ ಮನೆಯವರು ಹೇಳಿದ್ದೇ ಸರಿ.

ಮೊದಲನೇ ವಿಷಯ, ನಿಮ್ಮ ಮಗ ಕ್ರಾಟ್ಜ್ ಆಗೋಕೆ ಈಗ ದಾರಿಯೇ ಇಲ್ಲ. 29ನೇ ಸುತ್ತು ಅನ್ನೋದೇ ಈಗ ಇಲ್ಲ. 2021ರಿಂದ ಡ್ರಾಫ್ಟ್ ಇರುವುದು 20 ಸುತ್ತು ಮಾತ್ರ. ಅದೇ ವರ್ಷ ಮೈನರ್ ಲೀಗ್ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದರು. ನಲವತ್ತು ತಂಡ ಹೋಯಿತು ಅಂದ್ರೆ ಎಷ್ಟು ಕ್ಯಾಚರ್‌ಗಳ ಜಾಗ ಹೋಯಿತು, ನೀವೇ ಲೆಕ್ಕ ಹಾಕಿ.

ಎರಡನೇದು ದುಡ್ಡು. ಟ್ರಿಪಲ್ ಎ ಅಂದ್ರೆ ದೊಡ್ಡ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ. 2020ರವರೆಗೂ ಅಲ್ಲಿ ಕನಿಷ್ಠ ಸಂಬಳ ವಾರಕ್ಕೆ 502 ಡಾಲರ್. ಅದೂ ಸೀಸನ್ ನಡೆಯುವ ತಿಂಗಳುಗಳಲ್ಲಿ ಮಾತ್ರ. 2021ರಲ್ಲಿ 700 ಮಾಡಿದರು. ಆಟಗಾರರ ಸಂಘಕ್ಕೆ ಮೈನರ್ ಲೀಗ್ ಹುಡುಗರೂ ಸೇರಿದ ಮೇಲೆ, 2023ರ ಒಪ್ಪಂದದಲ್ಲಿ, ವರ್ಷಕ್ಕೆ 35,800 ಆಯಿತು. ಅದೇ ವರ್ಷ ದೊಡ್ಡ ಲೀಗ್‌ನ ಕನಿಷ್ಠ 7,20,000. ಅಂದ್ರೆ ಮೇಲೆ ಹತ್ತು ದಿನ ಇದ್ದರೆ, ಕೆಳಗಿನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ.

ಇದನ್ನು ಕೆರಿಯರ್ ಅಂತಾರಾ? ಇದು ಲಾಟರಿ. ಟಿಕೆಟ್ಟಿನ ಬೆಲೆ ನಿಮ್ಮ ಇಪ್ಪತ್ತರಿಂದ ಮೂವತ್ತರ ವಯಸ್ಸು.

ಬಸವನಗುಡಿ ಬಾಲ್ಕನಿ

ಬೆಳಗಿನ ಕಾಫಿ ಜೊತೆ ಪ್ಲೇಆಫ್ ನೋಡುವ ಬೆಂಗಳೂರಿಗ ನಾನು. ದಡ್ಡ ಪ್ರಶ್ನೆ ಕೇಳ್ತೀನಿ, ಬೈಬೇಡಿ. ಅಷ್ಟೊಂದು ಸಾಮಾನ್ಯ ಬ್ಯಾಟರ್ ಆಗಿದ್ದರೆ, ಒಂಬತ್ತು ತಂಡ ಯಾಕೆ ಕರೆದವು? ಬೇಡದವನನ್ನು ಯಾರೂ ಒಂಬತ್ತು ಸಲ ಕರೆಯಲ್ಲ ಅಲ್ವಾ?

ಸ್ಕ್ರಾಂಟನ್ ಸೀಟು 12

ದಡ್ಡ ಪ್ರಶ್ನೆ ಅಲ್ಲ ಗುರು, ಇದೇ ಸರಿಯಾದ ಪ್ರಶ್ನೆ.

ನಾನಿರುವ ಸ್ಕ್ರಾಂಟನ್ ಕಡೆ ಯಾಂಕೀಸ್‌ನ ಟ್ರಿಪಲ್ ಎ ತಂಡ ಆಡುತ್ತದೆ. ಟಿಕೆಟ್ ಅಗ್ಗ, ಪಾರ್ಕಿಂಗ್ ಸುಲಭ. ವರ್ಷಕ್ಕೆ ಹದಿನೈದು ಪಂದ್ಯವಾದರೂ ನೋಡುತ್ತೇನೆ. ಪಂದ್ಯಕ್ಕೆ ಒಂದು ಗಂಟೆ ಮೊದಲೇ ಹೋಗಿ ಪಿಚರ್‌ಗಳು ಎಸೆದು ಮೈ ಬಿಸಿ ಮಾಡಿಕೊಳ್ಳುವ ಬುಲ್‌ಪೆನ್ ಪಕ್ಕ ನಿಂತರೆ ನಿಮಗೆ ಉತ್ತರ ಸಿಗುತ್ತದೆ.

ಒಂದು ತಂಡದ 26 ಜನರಲ್ಲಿ ಅರ್ಧ ಪಿಚರ್‌ಗಳು. ಅವರು ಪ್ರತಿ ದಿನ ಯಾರಿಗಾದರೂ ಎಸೆಯಬೇಕು. ಗೋಡೆಗೆ ಎಸೆಯೋಕಾಗಲ್ಲ. ಮುಖ್ಯ ಕ್ಯಾಚರ್ ಪಂದ್ಯ ಮುಗಿಸಿ ಸುಸ್ತಾಗಿರುತ್ತಾನೆ. ಅವನಿಗೆ ವಾರಕ್ಕೆ ಒಂದೆರಡು ದಿನ ರಜೆ ಕೊಡಲೇಬೇಕು. ಅವನ ಹೆಬ್ಬೆರಳಿಗೆ ಚೆಂಡು ತಾಗಿದರೆ ನಾಳೆ ಬೆಳಿಗ್ಗೆಯೊಳಗೆ ಇನ್ನೊಬ್ಬ ಬೇಕು. ಫೆಬ್ರವರಿಯಲ್ಲಿ ಸ್ಪ್ರಿಂಗ್ ಟ್ರೈನಿಂಗ್ ಶುರುವಾದಾಗಲಂತೂ ಒಂದೊಂದು ತಂಡ ಆರೇಳು ಕ್ಯಾಚರ್‌ಗಳನ್ನು ಕರೆಸುತ್ತದೆ. ಪಿಚರ್‌ಗಳ ಜೊತೆಗೇ ಅವರೂ ಬೇರೆಲ್ಲರಿಗಿಂತ ಮುಂಚೆ ಹಾಜರ್.

ಬೇರೆ ಜಾಗದಲ್ಲಿ ಹಾಗಲ್ಲ. ಎರಡನೇ ಬೇಸ್‌ನವನು ಗಾಯಗೊಂಡರೆ ಮೂರನೇ ಬೇಸ್‌ನವನನ್ನು ಅಲ್ಲಿಗೆ ನಿಲ್ಲಿಸಬಹುದು. ಕ್ಯಾಚರ್ ಜಾಗಕ್ಕೆ ಕ್ಯಾಚರೇ ಬೇಕು. ಅದಕ್ಕೇ ಈ ಜಾತಿಗೆ ವಯಸ್ಸಾದರೂ ಕೆಲಸ ಸಿಗುತ್ತದೆ. ಕ್ರಾಟ್ಜ್ 2018ರ ಮೇನಲ್ಲಿ ಮಿಲ್ವಾಕಿಗೆ ಹೋದದ್ದು ನಮ್ಮ ಸ್ಕ್ರಾಂಟನ್‌ನಿಂದಲೇ. ಇಲ್ಲಿ ಅವನು ನಾಳೆಯ ಬಸ್ಸಿಗೆ ಚೀಲ ತುಂಬುವ ಆಟಗಾರ. ಅಲ್ಲಿ ಐದು ತಿಂಗಳಿಗೆ ಊರಿನ ಹೀರೋ.

ಕುಂದಾಪ್ರ ಕೋಳಿ

ಮಾರಾಯ್ರೆ, ಒಂದು ಪದದ ವಿಷಯ. ಇಂಥವರನ್ನು ಇಂಗ್ಲಿಷಿನಲ್ಲಿ ಜರ್ನಿಮನ್ ಅಂತಾರೆ. ನಾವೆಲ್ಲ ಊರೂರು ಜರ್ನಿ ಮಾಡುವವನು ಅಂದುಕೊಳ್ತೇವೆ. ಅಲ್ಲ. ಆ ಪದ ಬಂದದ್ದು ಫ್ರೆಂಚ್‌ನ 'ಜೂರ್ನೆ' ಇಂದ, ಅಂದ್ರೆ ದಿನ. ಕಸುಬು ಪೂರ್ತಿ ಕಲಿತಿದ್ದಾನೆ, ಆದರೆ ಸ್ವಂತ ಅಂಗಡಿ ಇಲ್ಲ. ದಿನದ ಲೆಕ್ಕದಲ್ಲಿ ಬೇರೆಯವರ ಅಂಗಡಿಯಲ್ಲಿ ಕೆಲಸ ಮಾಡ್ತಾನೆ. ನಮ್ಮಲ್ಲಿ ಮದುವೆ ಸೀಸನ್ನಿನಲ್ಲಿ ಊರೂರಿಗೆ ಹೋಗುವ ಅಡುಗೆಯವರಿಲ್ವಾ, ಹಾಗೆ. ಅವರ ಅಡುಗೆಗೆ ಯಾರೂ ಹೆಸರಿಡಲ್ಲ. ಹೋಟ್ಲು ಮಾತ್ರ ಅವರದ್ದಲ್ಲ.

ಹಾಗಾಗಿ ಅಲೆಮಾರಿ ಅಂದ್ರೆ ಸೋತವ ಅಂತ ತಿಳ್ಕೊಳ್ಬೇಡಿ.

ಲೆಕ್ಕಾಚಾರಿ

ಅಡುಗೆಯವರಿಗೆ ಮುಂಗಡ ಸಿಗುತ್ತೆ ಸರ್. ಇವರಿಗೆ ಸಿಗೋದು ಡಿಎಫ್‌ಎ.

ಬಸವನಗುಡಿ ಬಾಲ್ಕನಿ

ಅದೇನು ಡಿಎಫ್‌ಎ?

ಲೆಕ್ಕಾಚಾರಿ

ಡೆಸಿಗ್ನೇಟೆಡ್ ಫಾರ್ ಅಸೈನ್‌ಮೆಂಟ್. ತಂಡದ 40 ಜನರ ಪಟ್ಟಿಯಿಂದ ನಿನ್ನ ಹೆಸರು ತೆಗೆದೆವು ಅಂತ. ಆಮೇಲೆ ಹತ್ತು ದಿನದಲ್ಲಿ ನಿನ್ನನ್ನು ಮಾರಬಹುದು, ವೇವರ್‌ಗೆ (ಬೇಕಾದ ತಂಡ ಎತ್ತಿಕೊಳ್ಳಲಿ ಅಂತ ಬಿಡುವ ಪಟ್ಟಿಗೆ) ಹಾಕಬಹುದು, ಕೈಬಿಡಬಹುದು. ಹೆಂಡತಿ ಮಕ್ಕಳು ಯಾವ ಊರಲ್ಲಿ ಬಾಡಿಗೆ ಮನೆ ಹಿಡಿಯಬೇಕು ಅಂತ ಗೊತ್ತಿರಲ್ಲ.

ಸ್ಕ್ರಾಂಟನ್ ಸೀಟು 12

ಹತ್ತಲ್ಲ, ಈಗ ಏಳು ದಿನ. ಹಿಂದೆ ಹತ್ತಿತ್ತು.

ಮತ್ತೆ ನೀವು ಅರ್ಧ ಮಾತ್ರ ಹೇಳಿದಿರಿ. ವೇವರ್‌ನಲ್ಲಿ ಬೇರೆ ಯಾವ ತಂಡವೂ ಎತ್ತಿಕೊಳ್ಳದಿದ್ದರೆ ಮೈನರ್ ಲೀಗ್‌ಗೆ ಕಳಿಸುತ್ತಾರೆ. ಆದರೆ ಅದು ಮೊದಲ ಸಲ ಮಾತ್ರ ಬಾಯಿಮುಚ್ಚಿಕೊಂಡು ಹೋಗುವ ಮಾತು. ಒಮ್ಮೆ ಹಾಗೆ ಆದವನು, ಅಥವಾ ದೊಡ್ಡ ಲೀಗ್‌ನಲ್ಲಿ ಮೂರು ವರ್ಷ ಸೇವೆ ಆದವನು, ಬೇಡ ಅಂದು ಫ್ರೀ ಏಜೆಂಟ್ ಆಗಬಹುದು, ಅಂದ್ರೆ ತನಗೆ ಬೇಕಾದ ತಂಡದ ಜೊತೆ ಮಾತಾಡಬಹುದು. ಹಳಬರಿಗೆ ಇದೇ ಆಯುಧ. ಯಾವ ತಂಡದ ಕ್ಯಾಚರ್‌ಗೆ ಮಂಡಿ ನೋವು, ಯಾವ ತಂಡದ ಎರಡನೇ ಕ್ಯಾಚರ್ ಇನ್ನೂ ಹಸಿ ಹುಡುಗ, ಇದನ್ನೆಲ್ಲ ಅವರ ಏಜೆಂಟ್ ನೋಡುತ್ತಿರುತ್ತಾನೆ. ಟ್ರಿಪಲ್ ಎ ಸಂಬಳವೂ ಇಂಥ ಅನುಭವಿಗಳಿಗೆ ನೀವು ಹೇಳಿದ ಕನಿಷ್ಠದಲ್ಲಿ ಇರುವುದಿಲ್ಲ. ಚೌಕಾಸಿ ಮಾಡಿ ಅದಕ್ಕಿಂತ ತುಂಬ ಜಾಸ್ತಿಗೆ ಸಹಿ ಹಾಕುತ್ತಾರೆ.

ಇನ್ನೊಂದು. ದೊಡ್ಡ ಲೀಗ್‌ನಲ್ಲಿ 43 ದಿನ ಪೂರೈಸಿದರೆ ಪಿಂಚಣಿಗೆ ಅರ್ಹತೆ. ಹತ್ತು ವರ್ಷ ಆದರೆ ಪೂರ್ತಿ ಪಿಂಚಣಿ. ಅದಕ್ಕೇ ಮೂವತ್ತೈದರ ಕ್ಯಾಚರ್ ಒಬ್ಬ ಇನ್ನೂ ಹದಿನೈದು ದಿನ ಮೇಲೆ ಸಿಗಲಿ ಅಂತ ಬಸ್ಸಲ್ಲಿ ಕೂತಿರುತ್ತಾನೆ. ಹುಚ್ಚು ಅಲ್ಲ ಅದು, ಲೆಕ್ಕ. ನಿಮ್ಮ ಹೆಸರಿಗೆ ತಕ್ಕ ಲೆಕ್ಕ.

ಲೆಕ್ಕಾಚಾರಿ

ಏಳು ದಿನ, ಒಪ್ಪಿದೆ. ಪಿಂಚಣಿ ಮಾತೂ ಒಪ್ಪಿದೆ. ಆದರೆ ಆ 43 ದಿನ ಮುಟ್ಟದವರ ಹೆಸರು ನಿಮಗೆ ಒಂದಾದರೂ ಗೊತ್ತಾ? ಅವರ ಬಗ್ಗೆ ಯಾರೂ ಇಲ್ಲಿ ಪೋಸ್ಟ್ ಹಾಕಲ್ಲ.

ಹಳೇ ಕೀಪರ್

ದಾವಣಗೆರೆಯಲ್ಲಿ ಹದಿನಾಲ್ಕು ವರ್ಷ ಕ್ಲಬ್ ಕ್ರಿಕೆಟ್‌ನಲ್ಲಿ ವಿಕೆಟ್ ಕೀಪಿಂಗ್ ಮಾಡಿದವನು ನಾನು. ಈಗ ಡಲ್ಲಾಸ್‌ನಲ್ಲಿ ಮಗಳ ಮನೆ. ಎರಡು ಬೆರಳು ಇವತ್ತಿಗೂ ನೆಟ್ಟಗೆ ಮಡಚಲ್ಲ. ಹಾಗಾಗಿ ಸ್ವಲ್ಪ ಮಾತಾಡುವ ಹಕ್ಕಿದೆ ಅಂದುಕೊಳ್ತೇನೆ.

ಇಲ್ಲಿಗೆ ಬಂದ ಹೊಸದರಲ್ಲಿ ಕ್ಯಾಚರ್ ಅಂದ್ರೆ ನಮ್ಮ ಕೀಪರ್ ತರಾನೇ ಅಂದುಕೊಂಡಿದ್ದೆ. ಅರ್ಧ ಸರಿ, ಅರ್ಧ ತಪ್ಪು. ಕೀಪರ್ ಬೌಲರ್‌ಗೆ ಏನು ಹಾಕು ಅಂತ ಹೇಳುವುದಿಲ್ಲ. ಕಿರ್ಮಾನಿ 88 ಟೆಸ್ಟ್ ಆಡಿದರು. ಆದರೆ ಚಂದ್ರಶೇಖರ್‌ಗೆ 'ಈಗ ಗೂಗ್ಲಿ ಹಾಕು' ಅಂತ ಪ್ರತಿ ಎಸೆತಕ್ಕೂ ಸನ್ನೆ ಮಾಡಬೇಕಿರಲಿಲ್ಲ. ಇಲ್ಲಿ ಕ್ಯಾಚರ್ ಹೇಳುತ್ತಾನೆ. ಬೆರಳಿನ ಸನ್ನೆಯಲ್ಲಿ ಹೇಳುತ್ತಿದ್ದ. 2022ರಿಂದ ಪಿಚ್‌ಕಾಮ್ ಎಂಬ ಗುಂಡಿಯ ಯಂತ್ರ ಬಂತು, ಅದನ್ನು ಒತ್ತಿ ಹೇಳುತ್ತಾನೆ. ಎದುರು ತಂಡದ ಒಂಬತ್ತು ಬ್ಯಾಟರ್‌ಗಳ ದೌರ್ಬಲ್ಯ ತಲೆಯಲ್ಲಿರಬೇಕು. ತನ್ನ ತಂಡದ ಹದಿಮೂರು ಪಿಚರ್‌ಗಳ ಸ್ವಭಾವವೂ ತಲೆಯಲ್ಲಿರಬೇಕು. ಒಬ್ಬನಿಗೆ ಗದರಿದರೆ ಕೆಲಸ ಆಗುತ್ತೆ. ಇನ್ನೊಬ್ಬನಿಗೆ ಬೆನ್ನು ತಟ್ಟಬೇಕು. ತಂಡ ಬದಲಾದ ಮರುದಿನವೇ ಇದೆಲ್ಲ ಹೊಸದಾಗಿ ಕಲಿಯಬೇಕು. ಒಂಬತ್ತು ಸಲ ಕಲಿಯುವುದು ಅಂದ್ರೆ ಸುಮ್ನೆ ಮಾತಲ್ಲ.

ಇನ್ನು ಮೈ. ಪಂದ್ಯಕ್ಕೆ ನೂರೈವತ್ತು ಸಲದಷ್ಟು ಕೂತು ಏಳುವುದು. ಈಗ ಹೆಚ್ಚಿನವರು ಒಂದು ಮಂಡಿ ನೆಲಕ್ಕೆ ಊರಿ ಕೂರುತ್ತಾರೆ. ಅದು ಒಳ್ಳೆಯದಾಯಿತು. ಬ್ಯಾಟಿಗೆ ಸವರಿ ಬರುವ ಚೆಂಡು ಮುಖಕ್ಕೆ ಬಡಿಯುವುದು ಮಾತ್ರ ತಪ್ಪಿಲ್ಲ. ಹಳೇ ಮಾಸ್ಕ್ ಬದಲು, ಐಸ್ ಹಾಕಿ ಆಟದ ಗೋಲ್‌ಕೀಪರ್ ತೊಡುವ ತರದ ಹೆಲ್ಮೆಟ್ ಮಾಸ್ಕ್ ತಂದವನು ಚಾರ್ಲಿ ಒಬ್ರೈನ್. 1996ರಲ್ಲಿ. ಅವನೂ ಎಂಟು ತಂಡ ತಿರುಗಿದ ಕ್ಯಾಚರೇ. ಹೊಡೆತ ತಿಂದವನಿಗೇ ಅಲ್ವಾ ಮದ್ದು ಹೊಳೆಯೋದು.

ಕುಂದಾಪ್ರ ಕೋಳಿ

ಕ್ಯಾಚರ್‌ನ ಸಾಮಾನು ಸರಂಜಾಮಿಗೆ ಅಲ್ಲಿ 'ದಡ್ಡತನದ ಹತ್ಯಾರು' ಅಂತ ಅಡ್ಡಹೆಸರಿದೆ. ಬುದ್ಧಿ ಇದ್ದವ ಇದನ್ನು ಹಾಕ್ಕೊಳ್ತಾನಾ ಅಂತ. ಆ ಹೆಸರಿಟ್ಟದ್ದು ಮಡ್ಡಿ ರೂಯೆಲ್ ಅಂತಾರೆ, ಅವನೂ ಕ್ಯಾಚರ್. ಓದಿದ್ದು ಮಾತ್ರ ವಕೀಲಿಕೆ!

ಅಂಕಿಅಂಶ ಅಕ್ಕ

ತಡವಾಗಿ ಬಂದೆ, ಕ್ಷಮಿಸಿ. ಎಲ್ಲರೂ ಕಥೆ ಹೇಳುತ್ತಿದ್ದೀರಿ. ಮುಖ್ಯ ವಿಷಯವನ್ನು ಯಾರೂ ಎತ್ತಲಿಲ್ಲ. ಫ್ರೇಮಿಂಗ್.

ಬ್ಯಾಟರ್ ಮುಂದಿನ ಒಂದು ಕಾಲ್ಪನಿಕ ಚೌಕವೇ ಸ್ಟ್ರೈಕ್ ವಲಯ. ಅದರೊಳಗೆ ಬಂದ ಎಸೆತ ಸ್ಟ್ರೈಕ್, ಪಿಚರ್‌ಗೆ ಲಾಭ. ಬ್ಯಾಟರ್ ಬೀಸದೆ ಬಿಟ್ಟು ಹೊರಗೆ ಹೋದದ್ದು ಬಾಲ್, ಬ್ಯಾಟರ್‌ಗೆ ಲಾಭ. ಆ ವಲಯದ ಅಂಚಿಗೆ ಬಂದ ಚೆಂಡನ್ನು ಕ್ಯಾಚರ್ ಹೇಗೆ ಹಿಡಿಯುತ್ತಾನೆ ಅನ್ನುವುದರ ಮೇಲೆ ಅಂಪೈರ್ ತೀರ್ಪು ವಾಲುತ್ತದೆ. ಮಿಟ್ (ಕ್ಯಾಚರ್‌ನ ಕೈಗವಸು) ಹೊರಗೆ ಜಾರಿದರೆ ಬಾಲ್. ಮೆತ್ತಗೆ ಒಳಗೆ ತಂದು ನಿಲ್ಲಿಸಿದರೆ ಸ್ಟ್ರೈಕ್. ಕ್ಯಾಚರ್‌ಗಳಿಗೆ ಇದು ನೂರು ವರ್ಷದಿಂದ ಗೊತ್ತಿತ್ತು. ಅಳೆಯುವುದು ಹೇಗೆ ಅಂತ ಗೊತ್ತಿರಲಿಲ್ಲ. ಎಲ್ಲ ಮೈದಾನಗಳಿಗೂ ಚೆಂಡಿನ ಜಾಡು ಹಿಡಿಯುವ ಕ್ಯಾಮೆರಾ ಬಂದ ಮೇಲೆ ಅಳೆಯಲು ಶುರು ಮಾಡಿದರು. 2011ರಲ್ಲಿ ಮೈಕ್ ಫಾಸ್ಟ್ ಈ ಬಗ್ಗೆ ಬರೆದ ಲೇಖನ ದೊಡ್ಡ ಸದ್ದು ಮಾಡಿತು. ಆಮೇಲೆ ಹ್ಯೂಸ್ಟನ್ ತಂಡ ಅವರನ್ನೇ ಕೆಲಸಕ್ಕೆ ತೆಗೆದುಕೊಂಡಿತು.

ಅಲ್ಲಿಂದ ಬೆಲೆಪಟ್ಟಿಯೇ ಬದಲಾಯಿತು. ಜೆಫ್ ಮ್ಯಾಥಿಸ್ ನೋಡಿ. 17 ಸೀಸನ್ ಆಡಿದ. ಬ್ಯಾಟಿಂಗ್ ಸರಾಸರಿ 0.194. ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಹಿಟ್ ಕೂಡ ಇಲ್ಲ. ಬೇರೆ ಯಾವ ಜಾಗದಲ್ಲಿ ಆಡಿದ್ದರೂ ಎರಡನೇ ವರ್ಷಕ್ಕೇ ಮನೆಗೆ ಕಳಿಸುತ್ತಿದ್ದರು. ಆದರೆ 2018ರ ನವೆಂಬರ್‌ನಲ್ಲಿ, 35ನೇ ವಯಸ್ಸಿನಲ್ಲಿ, ಟೆಕ್ಸಸ್ ರೇಂಜರ್ಸ್ ಅವನಿಗೆ ಎರಡು ವರ್ಷಕ್ಕೆ 62 ಲಕ್ಷದ 50 ಸಾವಿರ ಡಾಲರ್ ಕೊಟ್ಟಿತು. ಅವನ ಕೈಗೆ ಮತ್ತು ತಲೆಗೆ ಕೊಟ್ಟದ್ದು ಅದು.

ಲೆಕ್ಕಾಚಾರಿ ಅವರೇ, ನೀವು ಲಾಟರಿ ಅಂದಿರಿ. ಲಾಟರಿಯಲ್ಲಿ ಕೌಶಲ್ಯ ಇರುವುದಿಲ್ಲ.

ಹಳೇ ಕೀಪರ್

ಅಕ್ಕ, ಬೇಜಾರು ಮಾಡ್ಕೋಬೇಡಿ. ಫ್ರೇಮಿಂಗ್ ಅಂದ್ರೆ ಅಂಪೈರ್ ಕಣ್ಣಿಗೆ ಮಣ್ಣೆರಚುವುದಲ್ವಾ? ನಮ್ಮ ಕಾಲದಲ್ಲಿ ನೆಲ ತಾಗಿದ ಚೆಂಡಿಗೆ ಕ್ಯಾಚ್ ಅಂತ ಕೂಗಿದರೆ ನಮ್ಮ ಕ್ಯಾಪ್ಟನ್ನೇ ಬೈಯುತ್ತಿದ್ದರು. ಇಲ್ಲಿ ಅದಕ್ಕೆ ಕೋಟಿಗಟ್ಟಲೆ ಸಂಬಳ!

ಅಂಕಿಅಂಶ ಅಕ್ಕ

ಎರಡೂ ಒಂದೇ ಅಲ್ಲ ಸರ್. ನೆಲ ತಾಗಿದ್ದನ್ನು ಕ್ಯಾಚ್ ಅಂದರೆ ಸುಳ್ಳು. ಅಂಚಿನ ಚೆಂಡಿನಲ್ಲಿ ಸುಳ್ಳು ಎಲ್ಲಿದೆ? ಒಳ್ಳೇ ಫ್ರೇಮಿಂಗ್‌ನಲ್ಲಿ ಅರ್ಧ ಕೆಲಸ, ಸ್ಟ್ರೈಕ್ ಆಗಿ ಬಂದದ್ದನ್ನು ಸ್ಟ್ರೈಕ್ ಆಗಿಯೇ ಉಳಿಸುವುದು. ಕೆಟ್ಟ ಕ್ಯಾಚರ್ ಒಳ್ಳೆ ಸ್ಟ್ರೈಕನ್ನೂ ಎಳೆದಾಡಿ ಬಾಲ್ ಮಾಡಿಬಿಡುತ್ತಾನೆ. ಪಿಚರ್‌ಗೆ ಆಗುವ ಮೋಸ ಅದು.

ಹಳೇ ಕೀಪರ್

ಉಳಿದ ಅರ್ಧ?

ಅಂಕಿಅಂಶ ಅಕ್ಕ

ಉಳಿದ ಅರ್ಧ ಮಣ್ಣೆರಚುವುದೇ. :)

ಲೆಕ್ಕಾಚಾರಿ

ಅಕ್ಕಾ, ನನ್ನ ವಾದಕ್ಕೆ ನೀವೇ ಕಲ್ಲು ತಂದುಕೊಟ್ಟಿರಿ. ಎಬಿಎಸ್ ಬಂತಲ್ಲ! ಕಂಪ್ಯೂಟರ್ ಸ್ಟ್ರೈಕ್ ನೋಡುವ ವ್ಯವಸ್ಥೆ. 2026ರಿಂದ ದೊಡ್ಡ ಲೀಗ್‌ಗೂ ತರುವುದು ಅಂತ 2025ರ ಸೆಪ್ಟೆಂಬರ್‌ನಲ್ಲೇ ತೀರ್ಮಾನ ಆಯಿತು. ಇನ್ನು ಮಿಟ್ ಎಷ್ಟು ಮೆತ್ತಗೆ ತಂದರೂ ಕ್ಯಾಮೆರಾಗೆ ಮಣ್ಣೆರಚೋಕಾಗಲ್ಲ. ಮ್ಯಾಥಿಸ್ ತರದವರ ಅಂಗಡಿ ಬಂದ್. ನಮ್ಮ ಮುದ್ದೆ ಸಾರ್ ಮಗ ದೊಡ್ಡವನಾಗುವ ಹೊತ್ತಿಗೆ 'ಕೈ ಚೆನ್ನಾಗಿದೆ' ಅನ್ನೋದಕ್ಕೆ ಬೆಲೆಯೇ ಇರಲ್ಲ. ಟೈಪಿಂಗ್ ಸ್ಪೀಡ್ ಚೆನ್ನಾಗಿದೆ ಅಂದ ಹಾಗೆ.

ಅಂಕಿಅಂಶ ಅಕ್ಕ

ಅಷ್ಟು ಅವಸರ ಬೇಡ. ಪ್ರತಿ ಎಸೆತವನ್ನೂ ಕಂಪ್ಯೂಟರ್ ನೋಡಿ ತೀರ್ಪು ಕೊಡುವ ವ್ಯವಸ್ಥೆ ಅಲ್ಲ ಇದು. ತೀರ್ಪು ಅಂಪೈರ್‌ನದೇ. ಒಂದು ತಂಡಕ್ಕೆ ಪಂದ್ಯಕ್ಕೆ ಎರಡು ಚಾಲೆಂಜ್. ಗೆದ್ದರೆ ಚಾಲೆಂಜ್ ಉಳಿಯುತ್ತದೆ, ಸೋತರೆ ಹೋಗುತ್ತದೆ. ಕೇಳಬಹುದಾದವರು ಮೂವರೇ: ಬ್ಯಾಟರ್, ಪಿಚರ್, ಕ್ಯಾಚರ್. ತಕ್ಷಣ ತಲೆ ತಟ್ಟಿ ಕೇಳಬೇಕು. ಡಗೌಟ್‌ನಿಂದ ಯಾರೂ ಹೇಳಿಕೊಡುವಂತಿಲ್ಲ. ಕ್ರಿಕೆಟ್‌ನ ಡಿಆರ್‌ಎಸ್ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಈಗ ಕೇಳಿ. 2025ರ ಸ್ಪ್ರಿಂಗ್ ಟ್ರೈನಿಂಗ್‌ನಲ್ಲಿ ಇದನ್ನು ಪರೀಕ್ಷೆ ಮಾಡಿದರು. ಕ್ಯಾಚರ್‌ಗಳು ಕೇಳಿದ್ದರಲ್ಲಿ 56 ಶೇಕಡಾ ಗೆದ್ದರು. ಬ್ಯಾಟರ್‌ಗಳು 50. ಪಿಚರ್‌ಗಳು ಬರೀ 41. ಪಿಚರ್‌ಗೆ ತಾನು ಎಸೆದದ್ದೆಲ್ಲ ಸ್ಟ್ರೈಕ್ ಅಂತಲೇ ಅನ್ನಿಸುತ್ತದೆ, ಪಾಪ. ಅಂದ್ರೆ ಕೈಯ ಬೆಲೆ ಸ್ವಲ್ಪ ಇಳಿಯಬಹುದು. ಕಣ್ಣಿನ ಬೆಲೆ ಏರುತ್ತದೆ. ಎಂಟನೇ ಇನಿಂಗ್ಸ್‌ನಲ್ಲಿ ಕೊನೆಯ ಚಾಲೆಂಜ್ ಬಳಸಬೇಕಾ ಬೇಡ್ವಾ ಅಂತ ಎರಡು ಸೆಕೆಂಡಿನಲ್ಲಿ ತೀರ್ಮಾನ ಮಾಡಲು ನಿಮಗೆ ಯಾರು ಬೇಕು? ಇಪ್ಪತ್ತೆರಡರ ಹುಡುಗನಾ, ಹದಿನೈದು ವರ್ಷ ಅಲ್ಲೇ ಕೂತವನಾ?

ಸ್ಕ್ರಾಂಟನ್ ಸೀಟು 12

ಅಕ್ಕ ಹೇಳಿದ್ದು ನಿಜ. ಟ್ರಿಪಲ್ ಎ ನಲ್ಲಿ 2023ರಿಂದಲೇ ಇದೆ, ನಾವು ನೋಡಿ ನೋಡಿ ರೂಢಿಯಾಗಿದೆ. ಒಳ್ಳೆ ಕ್ಯಾಚರ್ ಸುಮ್ಮಸುಮ್ಮನೆ ತಲೆ ತಟ್ಟಲ್ಲ.

ಇನ್ನೊಂದು ಸೇರಿಸುತ್ತೇನೆ, ಕಳ್ಳತನ. ಬೇಸ್ ಕದಿಯುವುದು, ಅಂದ್ರೆ ಪಿಚರ್ ಎಸೆಯುವ ಹೊತ್ತಿಗೆ ಓಟಗಾರ ಮುಂದಿನ ಬೇಸ್‌ಗೆ ಓಡಿಬಿಡುವುದು. 2023ರಲ್ಲಿ ಬೇಸ್ ದೊಡ್ಡದು ಮಾಡಿದರು. ಪಿಚರ್ ಎಷ್ಟು ಸಲ ತಿರುಗಿ ಎಸೆದು ಓಟಗಾರನನ್ನು ಹೆದರಿಸಬಹುದು ಅನ್ನುವುದಕ್ಕೂ ಮಿತಿ ಹಾಕಿದರು. 2022ರಲ್ಲಿ ಇಡೀ ಲೀಗ್‌ನಲ್ಲಿ 2,486 ಕಳ್ಳತನ. 2023ರಲ್ಲಿ 3,503. ಎರಡನೇ ಬೇಸ್‌ಗೆ ಗುರಿಯಿಟ್ಟು ಎಸೆಯುವ ತೋಳಿಗೆ ಮತ್ತೆ ಬೆಲೆ ಬಂತು. ನಿಯಮ ಬದಲಾದಾಗಲೆಲ್ಲ ಕ್ಯಾಚರ್ ಕಥೆ ಮುಗೀತು ಅಂತಾರೆ. ಕೆಲಸ ಒಂದು ಕಡೆ ಕಮ್ಮಿ ಆಗಿ ಇನ್ನೊಂದು ಕಡೆ ಜಾಸ್ತಿ ಆಗುತ್ತದೆ, ಅಷ್ಟೇ.

ಲೆಕ್ಕಾಚಾರಿ

ಸರಿ, ಕೆಲಸ ಇರುತ್ತೆ. ಎಷ್ಟು ಜನಕ್ಕೆ? ಮೂವತ್ತು ತಂಡ, ತಂಡಕ್ಕೆ ಇಬ್ಬರು. ಅರವತ್ತು ಕುರ್ಚಿ. ಅಮೆರಿಕ, ವೆನೆಜುವೆಲಾ, ಡೊಮಿನಿಕನ್, ಪೋರ್ಟೊ ರಿಕೊ ಎಲ್ಲ ಸೇರಿ ಅರವತ್ತು. ಐಎಎಸ್ ಸುಲಭ ಮಾರಾಯ್ರೆ.

ಕುಂದಾಪ್ರ ಕೋಳಿ

'ಮಾರಾಯ್ರೆ' ನಮ್ಮ ಆಸ್ತಿ, ನೀವು ಬಳಸಬೇಡಿ.

ತಮಾಷೆ ಬಿಡಿ. ಕ್ರಾಟ್ಜ್ ಬಗ್ಗೆ ಒಂದು ಹೇಳ್ಬೇಕು. ಅವನ ಕೊನೆಯ ಸೀಸನ್, 2020. ಕೋವಿಡ್ ವರ್ಷ, ಮೈದಾನದಲ್ಲಿ ಜನವೇ ಇಲ್ಲ. ಯಾಂಕೀಸ್‌ನಲ್ಲಿ ಇದ್ದ, ನಲವತ್ತು ವರ್ಷ. ಆಗಸ್ಟ್ ಕೊನೆಯಲ್ಲಿ ದೇವಿ ಗಾರ್ಸಿಯಾ ಅನ್ನುವ ಡೊಮಿನಿಕನ್ ಹುಡುಗ ಮೊದಲ ಸಲ ದೊಡ್ಡ ಲೀಗ್‌ನಲ್ಲಿ ಪಿಚ್ ಮಾಡಿದ. 21 ವರ್ಷ. ಮೆಟ್ಸ್ ವಿರುದ್ಧ. ಮಿಟ್ ಹಿಡಿದು ಕೂತದ್ದು ಕ್ರಾಟ್ಜ್. ಅಂಥ ಹುಡುಗರ ಜೊತೆ ಮಾತಾಡ್ಲಿಕ್ಕೆ ಅಂತಲೇ ಸ್ಪ್ಯಾನಿಷ್ ಕಲಿತವನು ಅವನು. ಆಮೇಲೆ ಆ ಹುಡುಗನ ಬಗ್ಗೆ ಪತ್ರಕರ್ತರು ಕೇಳಿದಾಗ ಮಾತಾಡ್ತಾ ಮಾತಾಡ್ತಾ ಕಣ್ಣೀರು ಹಾಕಿದ. ತನ್ನ ಬಗ್ಗೆ ಅಲ್ಲ, ಆ ಹುಡುಗನ ಬಗ್ಗೆ.

ಒಂಬತ್ತು ತಂಡ ಅವನನ್ನು ಯಾಕೆ ಕರೆದವು ಅಂತ ಬಾಲ್ಕನಿ ಸಾರ್ ಕೇಳಿದ್ರಲ್ಲ. ಇದೂ ಒಂದು ಕಾರಣ.

ಬಸವನಗುಡಿ ಬಾಲ್ಕನಿ

ಈಗ ಹುಡುಕಿ ಆ ಸಂದರ್ಶನ ನೋಡಿದೆ. ಕಾಫಿ ಆರಿ ಹೋಯ್ತು.

ಲೆಕ್ಕಾಚಾರಿ

ನಾನೇನು ಕಲ್ಲಲ್ಲ, ನಾನೂ ನೋಡಿದ್ದೇನೆ. ಆದರೆ ನೀವೆಲ್ಲ ಕಣ್ಣೀರಲ್ಲಿ ಮುಖ್ಯ ಪ್ರಶ್ನೆ ತೊಳೆದುಬಿಟ್ಟಿರಿ. 22ರಿಂದ 30ರ ತನಕ ಆ ಮನುಷ್ಯನ ಮನೆ ಹೇಗೆ ನಡೆಯಿತು? ಮದುವೆ, ಮಕ್ಕಳು, ಬಾಡಿಗೆ, ಚಳಿಗಾಲದ ಐದಾರು ತಿಂಗಳು. ಇವನ್ನೆಲ್ಲ ಯಾರೋ ಹೊತ್ತಿರುತ್ತಾರೆ. ಸಾಮಾನ್ಯವಾಗಿ ಹೆಂಡತಿ. ಆಟಗಾರನ ಛಲದ ಕಥೆ ಬರೆಯುವಾಗ ಅವಳಿಗೆ ಒಂದು ಸಾಲು. ಮುದ್ದೆ ಸಾರ್ ಮನೆಯವರು 'ಇದೂ ಒಂದು ಜೀವನಾನಾ' ಅಂದದ್ದು ಆ ಸಾಲನ್ನು ಓದಿಯೇ ಇರಬೇಕು. ಮೈನರ್ ಲೀಗ್ ಹುಡುಗರು ಕಡಿಮೆ ಸಂಬಳದ ಬಗ್ಗೆ ಕೋರ್ಟಿಗೆ ಹೋಗಿ, 2022ರಲ್ಲಿ ಮೇಜರ್ ಲೀಗ್ 18.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸುಮ್ಮನೆ ಕೊಟ್ಟರಾ?

ಅಂಕಿಅಂಶ ಅಕ್ಕ

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಇಷ್ಟು ಹೊತ್ತಿನಲ್ಲಿ ನೀವು ಹೇಳಿದ ಅತ್ಯಂತ ಗಟ್ಟಿ ಮಾತು ಇದು. ಸಂಬಳ ಈಗ ಸುಧಾರಿಸಿದೆ, ತಂಡಗಳು ವಸತಿಯನ್ನೂ ಕೊಡುತ್ತಿವೆ. ಆದರೆ ಆ ಕಾಲದವರು ತೆತ್ತ ಬೆಲೆ ಬೇರೆ.

ಹಳೇ ಕೀಪರ್

ಆಟ ಮುಗಿದ ಮೇಲೆ ಏನು ಅನ್ನುವುದನ್ನೂ ನೋಡಬೇಕಲ್ಲ. ಮ್ಯಾನೇಜರ್‌ಗಳ, ಅಂದ್ರೆ ತಂಡದ ಮುಖ್ಯ ಕೋಚ್‌ಗಳ, ಪಟ್ಟಿ ತೆಗೆಯಿರಿ. ಬ್ರೂಸ್ ಬೋಚಿ ದೊಡ್ಡ ಲೀಗ್‌ನಲ್ಲಿ ಆಡಿದ್ದು 358 ಪಂದ್ಯ, ಬಹುಪಾಲು ಎರಡನೇ ಕ್ಯಾಚರ್ ಆಗಿ. ಮ್ಯಾನೇಜರ್ ಆಗಿ ನಾಲ್ಕು ವರ್ಲ್ಡ್ ಸೀರೀಸ್ (ದೊಡ್ಡ ಲೀಗ್‌ನ ಫೈನಲ್) ಗೆದ್ದರು. 2010, 2012, 2014 ಸ್ಯಾನ್ ಫ್ರಾನ್ಸಿಸ್ಕೊಗೆ, 2023 ನಮ್ಮ ಟೆಕ್ಸಸ್‌ಗೆ.

ಸ್ಟೀಫನ್ ವೋಗ್ಟ್ ಇನ್ನೂ ಸ್ವಾರಸ್ಯ. ಶುರುವಿನಲ್ಲಿ 32 ಸಲ ಬ್ಯಾಟ್ ಹಿಡಿದು ಒಂದೂ ಹಿಟ್ ಇಲ್ಲ. 2013ರಲ್ಲಿ ಬಂದ ಮೊದಲ ಹಿಟ್ಟೇ ಹೋಮ್ ರನ್, ನಮ್ಮ ಸಿಕ್ಸರ್ ತರ. ಆರು ತಂಡ ತಿರುಗಿದ. 2022ರ ಅಕ್ಟೋಬರ್ 5ರಂದು ಓಕ್‌ಲ್ಯಾಂಡ್‌ನಲ್ಲಿ ಕೊನೇ ಪಂದ್ಯ. ಅವನ ಮಕ್ಕಳೇ ಮೈಕಿನಲ್ಲಿ ಅಪ್ಪನ ಹೆಸರು ಕೂಗಿ ಬ್ಯಾಟಿಂಗ್‌ಗೆ ಕರೆದರು. ಕೊನೆಯ ಸಲ ಬ್ಯಾಟ್ ಹಿಡಿದಾಗಲೂ ಹೋಮ್ ರನ್. ಎರಡು ವರ್ಷ ಕಳೆಯುವಷ್ಟರಲ್ಲಿ ಕ್ಲೀವ್‌ಲ್ಯಾಂಡ್ ಮ್ಯಾನೇಜರ್. 2024, 2025 ಎರಡೂ ವರ್ಷ ಅಮೆರಿಕನ್ ಲೀಗ್‌ನ ಅತ್ಯುತ್ತಮ ಮ್ಯಾನೇಜರ್ ಪ್ರಶಸ್ತಿ.

ಬೆಂಚಲ್ಲಿ ಕೂತವನಿಗೆ ಆಟ ಜಾಸ್ತಿ ಕಾಣುತ್ತೆ. ನಾನು ಹನ್ನೆರಡನೇ ಆಟಗಾರನಾಗಿ ನೀರು ಹೊತ್ತ ಎರಡು ವರ್ಷದಲ್ಲಿ ಕಲಿತಷ್ಟು, ಆಡುವಾಗ ಕಲಿಯಲಿಲ್ಲ.

ಲೆಕ್ಕಾಚಾರಿ

ಬೋಚಿ, ವೋಗ್ಟ್. ಮತ್ತೆ ಬಾವಿಯಿಂದ ಮೇಲೆ ಬಂದವರ ಹೆಸರೇ.

ಹಳೇ ಕೀಪರ್

ಮೇಲೆ ಬರದವರಲ್ಲೂ ಎಷ್ಟೋ ಜನ ಕೋಚ್‌ಗಳಾಗುತ್ತಾರೆ, ಬುಲ್‌ಪೆನ್ ಕ್ಯಾಚರ್ ಆಗುತ್ತಾರೆ, ಸ್ಕೌಟ್ ಆಗುತ್ತಾರೆ. ದೊಡ್ಡ ದುಡ್ಡಿಲ್ಲ. ಹೊಟ್ಟೆಗೆ ತೊಂದರೆಯೂ ಇಲ್ಲ. ಕ್ರಾಟ್ಜ್ ಈಗ ಬೇಸ್‌ಬಾಲ್ ಬಗ್ಗೆ ದಿನಾ ಮಾತಾಡುವ ಕಾರ್ಯಕ್ರಮ ನಡೆಸುತ್ತಾನೆ. ಮಾತು ಚೆನ್ನಾಗಿದೆ.

ಸ್ಕ್ರಾಂಟನ್ ಸೀಟು 12

ಮುದ್ದೆ ಸಾರ್, ನಿಮ್ಮ ಮನೆಯವರಿಗೆ ಒಂದು ವಿಷಯ ಹೇಳಿ. ಕ್ರಾಟ್ಜ್ ಹೈಸ್ಕೂಲ್ ಬಿಟ್ಟು ಬಸ್ ಹತ್ತಿದವನಲ್ಲ. ನಾಲ್ಕು ವರ್ಷ ಕಾಲೇಜು ಮುಗಿಸಿ ಡ್ರಾಫ್ಟ್‌ಗೆ ಬಂದವನು. ಅದೂ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡದ ಡಿವಿಷನ್ 3 ಕಾಲೇಜು. ಓದು ಓದೇ, ಆಟ ಆಟವೇ.

ಮಿಲ್ವಾಕಿ ಮುದ್ದೆ

ಒಂದು ದಿನ ಕೆಲಸದ ಗಲಾಟೆಯಲ್ಲಿ ಈ ಕಡೆ ಬರಲಾಗಲಿಲ್ಲ. ಬಂದು ನೋಡಿದರೆ ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್.

ಎಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ. ಲೆಕ್ಕಾಚಾರಿ ಅವರ 'ಅವಳಿಗೆ ಒಂದು ಸಾಲು' ಬಂದಾಗ, 'ಇವರೊಬ್ಬರೇ ನೋಡಿ ಸರಿಯಾಗಿ ಓದಿದವರು' ಅಂದಳು. ಅಲ್ಲಿಗೆ ನನ್ನ ಕಡೆಯ ವಾದ ಅರ್ಧ ಸೋತಿತು. ಮಗ ಮಾತ್ರ ಅಂಕಿಅಂಶ ಅಕ್ಕನ 56 ಶೇಕಡಾ ಕೇಳಿ ಎದ್ದು ಕೂತ. ಈಗ ಟಿವಿಯಲ್ಲಿ ಪಂದ್ಯ ನೋಡುವಾಗ ಪ್ರತಿ ಅಂಚಿನ ಚೆಂಡಿಗೂ ತಲೆ ತಟ್ಟುತ್ತಾನೆ. ನಾನು ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದೇನೆ. ನಿನ್ನೆ ಒಂಬತ್ತರಲ್ಲಿ ನಾಲ್ಕು ಸರಿ.

ಅಮ್ಮ ಮಗ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಡಿಗ್ರಿ ಮುಗಿಯುವ ತನಕ ಡ್ರಾಫ್ಟ್ ಪದ ಮನೆಯಲ್ಲಿ ಎತ್ತುವಂತಿಲ್ಲ. ಬದಲಿಗೆ ಹೊಸ ಕ್ಯಾಚರ್ ಮಿಟ್ ಕೊಡಿಸಬೇಕು. ಬೆಲೆ ನೋಡಿ ನನಗೆ ತಲೆ ತಿರುಗಿತು. ಹಳೇ ಕೀಪರ್ ಸರ್, ಸೆಕೆಂಡ್ ಹ್ಯಾಂಡ್ ಮಿಟ್ ತಗೊಂಡರೆ ತೊಂದರೆ ಇದೆಯಾ?

ಹಳೇ ಕೀಪರ್

ತೊಂದರೆ ಏನಿಲ್ಲ. ಚರ್ಮ ಪಳಗಿರುತ್ತೆ, ಒಳ್ಳೆಯದೇ. ಆದರೆ ಹೆಬ್ಬೆರಳಿನ ಹತ್ತಿರ ದಾರ ಸಡಿಲ ಇದೆಯಾ ನೋಡಿ. ಇನ್ನೊಬ್ಬನ ಕೈ ಅಳತೆಗೆ ಕೂತಿರುತ್ತೆ, ಮೊದಲ ಎರಡು ವಾರ ಹುಡುಗ ಬೈಕೊಳ್ತಾನೆ.

ಲೆಕ್ಕಾಚಾರಿ

ಹೊಸದನ್ನೇ ಕೊಡಿಸಿ ಸರ್. ಇದೊಂದಕ್ಕೆ ಲೆಕ್ಕ ಬೇಡ.